ಆರ್ಗ್ ಮೋಡ್‌ನಲ್ಲಿ ಪಟ್ಟಿಯನ್ನು ಕ್ರಮಕ್ಕೆ ತರುವುದು: ಅಂಕ ಕೊಡುವುದರಿಂದ ಸಾರ್ಟ್ ಮಾಡುವವರೆಗೆ

ಈಮ್ಯಾಕ್ಸ್ ಎಂಬ ಪಠ್ಯ ಬರೆಯುವ ತಂತ್ರಾಂಶದ ಆರ್ಗ್ ಮೋಡ್‌ನಲ್ಲಿ (ಪಟ್ಟಿ, ಟಿಪ್ಪಣಿ ಇಡಲು ಅದರಲ್ಲಿರುವ ಭಾಗ) ಕೆಲಸಗಳ ಪಟ್ಟಿ ಇಟ್ಟುಕೊಂಡಿರುವ ಐದಾರು ಜನ ಕಳೆದ ಕೆಲವು ತಿಂಗಳಲ್ಲಿ ನನ್ನ ಹತ್ತಿರ ಒಂದೇ ದೂರು ತಂದಿದ್ದಾರೆ. ‘ಸಾರ್ಟ್ ಕೊಟ್ಟೆ, ಏನೂ ಆಗಲಿಲ್ಲ.’ ಅಥವಾ ‘ಸಾರ್ಟ್ ಕೊಟ್ಟೆ, ಎಲ್ಲಾ ಚೆಲ್ಲಾಪಿಲ್ಲಿ ಆಯ್ತು.’ ಅವರ ಫೈಲುಗಳನ್ನು ತೆರೆದು ನೋಡಿದರೆ ತಪ್ಪುಗಳೂ ಹೆಚ್ಚುಕಮ್ಮಿ ಅವೇ. ಯಾವುದು ಮುಖ್ಯ ಅಂತ ಫೈಲಿನಲ್ಲಿ ಎಲ್ಲೂ ಬರೆದಿರುವುದಿಲ್ಲ, ನೇರವಾಗಿ ಸಾರ್ಟ್ ಒತ್ತಿರುತ್ತಾರೆ. ಬರೆದಿದ್ದರೂ ಕರ್ಸರ್ ತಪ್ಪು ಜಾಗದಲ್ಲಿರುತ್ತದೆ. ಎರಡೂ ಸರಿಯಿದ್ದರೆ ಸಾರ್ಟ್‌ಗಳ ಅನುಕ್ರಮ ಉಲ್ಟಾ ಆಗಿರುತ್ತದೆ.

ಅಂಕ ಕೊಡುವುದು ನಿಮ್ಮ ಕೆಲಸ, ಜೋಡಿಸುವುದು ಯಂತ್ರದ ಕೆಲಸ. ಮೊದಲನೆಯದು ಮುಗಿಯದೆ ಎರಡನೆಯದಕ್ಕೆ ಕೈ ಹಾಕಬೇಡಿ. ಕೆಳಗಿನ ಹಂತಗಳೂ ಅದೇ ಕ್ರಮದಲ್ಲಿವೆ.

## ಶುರು ಮಾಡುವ ಮೊದಲು

ಬೇಕಾಗಿರುವುದು ಈಮ್ಯಾಕ್ಸ್ ಒಂದೇ. ಆರ್ಗ್ ಮೋಡ್ ಅದರ ಜತೆಗೇ ಬರುತ್ತದೆ, ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ. ಫೈಲಿನ ಹೆಸರು ‘ಡಾಟ್ ಆರ್ಗ್’ ಎಂದು ಮುಗಿಯಬೇಕು. ಇಲ್ಲದಿದ್ದರೆ ಅದು ಬರೀ ಪಠ್ಯದ ಫೈಲಾಗಿ ತೆರೆದುಕೊಳ್ಳುತ್ತದೆ, ಇಲ್ಲಿ ಹೇಳುವ ಕೀಗಳು ಕೆಲಸ ಮಾಡುವುದಿಲ್ಲ.

ಕೀಗಳ ಹೆಸರನ್ನು ಕನ್ನಡದಲ್ಲಿ ಬರೆದಿದ್ದೇನೆ. ‘ಕಂಟ್ರೋಲ್-ಸಿ’ ಅಂದರೆ ಕಂಟ್ರೋಲ್ ಹಿಡಿದು ಇಂಗ್ಲಿಷಿನ ಸಿ ಅಕ್ಷರ ಒತ್ತುವುದು. ಮ್ಯಾಕ್‌ನಲ್ಲಿ ಆಲ್ಟ್ ಬದಲು ಆಪ್ಷನ್ ಕೀ ಬಳಸಿ.

ಕನ್ನಡದಲ್ಲಿ ಪಟ್ಟಿ ಬರೆಯುವವರಿಗೆ ಒಂದು ಎಚ್ಚರಿಕೆ. ಕೀಬೋರ್ಡನ್ನು ಸಿಸ್ಟಂ ಮಟ್ಟದಲ್ಲೇ ಕನ್ನಡಕ್ಕೆ ಬದಲಿಸಿಕೊಂಡಿದ್ದರೆ ಈಮ್ಯಾಕ್ಸ್‌ಗೆ ಕಂಟ್ರೋಲ್-ಸಿ ತಲುಪುವುದೇ ಕಷ್ಟ. ಸಾರ್ಟ್ ಕೇಳುವ ಪ್ರಶ್ನೆಗೆ ‘ಪಿ’ ಒತ್ತಿದರೆ ಅದಕ್ಕೆ ಕಾಣುವುದು ಕನ್ನಡದ ‘ಪ’. ಆಗ ‘ಈ ಬಗೆಯ ಸಾರ್ಟ್ ಇಲ್ಲ’ ಎಂಬ ಅರ್ಥದ ದೂರು ಬರುತ್ತದೆ. ಇದಕ್ಕೆ ಈಮ್ಯಾಕ್ಸ್‌ನೊಳಗೇ ಇರುವ ಕನ್ನಡ ಇನ್‌ಪುಟ್ ವಿಧಾನ ಬಳಸುವುದು ಒಳ್ಳೆಯದು. ಕಂಟ್ರೋಲ್ ಹಿಡಿದು ‘\’ ಒತ್ತಿದರೆ ಅದು ಆನ್, ಮತ್ತೆ ಒತ್ತಿದರೆ ಆಫ್. ಇನ್‌ಸ್ಕ್ರಿಪ್ಟ್ ಕೂಡ ಇದೆ, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಪಡೆಯುವ ಐಟ್ರಾನ್ಸ್ ಕೂಡ ಇದೆ. ಹೀಗೆ ಮಾಡಿದರೆ ಪಠ್ಯ ಮಾತ್ರ ಕನ್ನಡದಲ್ಲಿ ಬೀಳುತ್ತದೆ, ಕಂಟ್ರೋಲ್ ಕೀಗಳು ಎಂದಿನಂತೆ ಇರುತ್ತವೆ.

ಇನ್ನೊಂದು, ಫೈಲಿನ ಒಂದು ನಕಲು ಇಟ್ಟುಕೊಳ್ಳಿ. ಫೈಲಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಬಳಸುವವರು ಸಾರ್ಟ್‌ಗೂ ಮೊದಲು ಒಂದು ಕಮಿಟ್ (ಆ ಹೊತ್ತಿನ ದಾಖಲೆ) ಮಾಡಿ, ಸಾರ್ಟ್ ಆದ ಮೇಲೆ ಅದಕ್ಕೇ ಅಂತ ಇನ್ನೊಂದು ಮಾಡಿ. ಜೋಡಣೆ ಬದಲಾದರೆ ನೂರಾರು ಸಾಲು ಬದಲಾದಂತೆ ಕಾಣುತ್ತದೆ. ಆ ಗುಂಪಿನಲ್ಲಿ ನೀವು ಮಾಡಿದ ನಿಜವಾದ ತಿದ್ದುಪಡಿ ಕಳೆದೇಹೋಗುತ್ತದೆ.

## ಹಂತ 1: ಪಟ್ಟಿಯ ರಚನೆ ಸರಿಪಡಿಸಿ

ಉದಾಹರಣೆಗೆ ಒಂದು ಗೃಹಪ್ರವೇಶದ ಪಟ್ಟಿ ನೋಡೋಣ. ಮನಸ್ಸಿಗೆ ಬಂದ ಹಾಗೆ ಬರೆದದ್ದು:

* ಗೃಹಪ್ರವೇಶ
** ಬಾಳೆಎಲೆಗೆ ಹೇಳಿಡುವುದು
** ಅಡುಗೆಯವರಿಗೆ ಮುಂಗಡ ಕೊಡುವುದು
** ಮುಹೂರ್ತ ಕೇಳುವುದು
** ಟೆರೇಸಿಗೆ ಶಾಮಿಯಾನ
** ಕರೆಂಟ್ ಮೀಟರ್ ಹಾಕಿಸುವುದು
** ರಂಗೋಲಿ ಪುಡಿ ತರುವುದು

ಒಂದು ನಕ್ಷತ್ರ ಇದ್ದದ್ದು ಮೇಲಿನ ಹೆಡಿಂಗ್, ಎರಡು ಇದ್ದದ್ದು ಅದರ ಒಳಗಿನವು. ಸಾರ್ಟ್ ಒಂದು ಸಲಕ್ಕೆ ಒಂದೇ ಮಟ್ಟವನ್ನು ಜೋಡಿಸುತ್ತದೆ. ‘ಅಡುಗೆಯವರಿಗೆ ಮುಂಗಡ’ ಎನ್ನುವುದರ ಕೆಳಗೆ ಮೂರು ನಕ್ಷತ್ರದ ಸಾಲುಗಳಿದ್ದರೆ ಅವು ಅದರ ಬೆನ್ನಿಗೇ ಹೋಗುತ್ತವೆ. ಆದರೆ ಅವುಗಳೊಳಗಿನ ಕ್ರಮ ಇದ್ದ ಹಾಗೇ ಇರುತ್ತದೆ. ಆದ್ದರಿಂದ ಒಂದಕ್ಕೊಂದು ಹೋಲಿಸಬೇಕಾದ ಕೆಲಸಗಳೆಲ್ಲ ಒಂದೇ ಮಟ್ಟದಲ್ಲಿ, ಒಂದೇ ಹೆಡಿಂಗ್ ಕೆಳಗೆ ಇರಬೇಕು.

ಈಗ ಪಟ್ಟಿಯ ಕೊನೆ ನೋಡಿ. ಬಹಳ ಜನ ಬೀಳುವ ಗುಂಡಿ ಅಲ್ಲಿದೆ, ನಾನೂ ಬಿದ್ದಿದ್ದೇನೆ. ಒಂದು ಪಟ್ಟಿಯಲ್ಲಿ ಕಟ್ಟಕಡೆಗೆ, ಎಲ್ಲಾ ಕೆಲಸಗಳಿಗೂ ಸೇರಿದ ಹಾಗೆ, ಯಾರ್ಯಾರಿಗೆ ಎಷ್ಟು ದುಡ್ಡು ಕೊಟ್ಟಿದ್ದೇನೆ ಅಂತ ನಾಲ್ಕು ಸಾಲು ಬರೆದಿದ್ದೆ. ಕಣ್ಣಿಗೆ ಅದು ಪಟ್ಟಿಯ ಬುಡದಲ್ಲಿರುವ ಟಿಪ್ಪಣಿ. ಆರ್ಗ್ ಲೆಕ್ಕದಲ್ಲಿ ಅದು ಕೊನೆಯ ಹೆಡಿಂಗ್‌ಗೆ ಸೇರಿದ್ದು. ಸಾರ್ಟ್ ಕೊಟ್ಟಾಗ ಆ ಹೆಡಿಂಗ್ ಎರಡನೇ ಜಾಗಕ್ಕೆ ಹೋಯಿತು, ದುಡ್ಡಿನ ಲೆಕ್ಕವೂ ಅದರ ಜತೆ ಹೋಯಿತು. ಹೆಡಿಂಗ್‌ಗಳೆಲ್ಲ ಮಡಚಿಕೊಂಡಿದ್ದರಿಂದ ಲೆಕ್ಕವೇ ಅಳಿಸಿಹೋಗಿದೆ ಅಂದುಕೊಂಡು ಅರ್ಧ ಗಂಟೆ ಹುಡುಕಿದೆ. ಎಲ್ಲಕ್ಕೂ ಸೇರಿದ ಟಿಪ್ಪಣಿಯಿದ್ದರೆ ಅದನ್ನು ಮೇಲಿನ ಹೆಡಿಂಗ್‌ನ ಕೆಳಗೇ, ಮೊದಲ ಒಳ ಹೆಡಿಂಗ್‌ಗಿಂತ ಮುಂಚೆ ಬರೆಯಿರಿ. ಅಲ್ಲಿದ್ದರೆ ಅದು ಅಲುಗಾಡುವುದಿಲ್ಲ.

ಖಾಲಿ ಸಾಲುಗಳ ಕಥೆಯೂ ಇದೇ. ಅವು ತಮ್ಮ ಮೇಲಿನ ಹೆಡಿಂಗ್ ಜತೆ ಓಡಾಡುತ್ತವೆ. ಸಾರ್ಟ್ ಆದ ಮೇಲೆ ಪಟ್ಟಿಯಲ್ಲಿ ಅಲ್ಲಲ್ಲಿ ಹಲ್ಲು ಬಿದ್ದಂತೆ ಕಂಡರೆ ಗಾಬರಿ ಬೇಡ.

## ಹಂತ 2: ಮೂರು ಬುಟ್ಟಿಗೆ ಹಾಕಿ

ಇಪ್ಪತ್ತು ಕೆಲಸಕ್ಕೆ ಒಂದರಿಂದ ಇಪ್ಪತ್ತರವರೆಗೆ ಅಂಕ ಕೊಡಲು ಕೂರಬೇಡಿ. ಹನ್ನೊಂದನೆಯದು ಹನ್ನೆರಡಕ್ಕಿಂತ ಯಾಕೆ ಮುಖ್ಯ ಅಂತ ಯೋಚಿಸುವುದರಲ್ಲೇ ಸಾಯಂಕಾಲ ಆಗುತ್ತದೆ. ಮೊದಲು ಒರಟಾಗಿ ಮೂರು ಬುಟ್ಟಿ ಸಾಕು. ಆರ್ಗ್‌ನಲ್ಲಿ ಅವೇ ಎ, ಬಿ, ಸಿ ಆದ್ಯತೆಗಳು.

ಕರ್ಸರನ್ನು ಹೆಡಿಂಗ್ ಮೇಲಿಟ್ಟು ಕಂಟ್ರೋಲ್-ಸಿ ಒತ್ತಿ, ಕೈ ಬಿಟ್ಟು, ಅಲ್ಪವಿರಾಮ ಒತ್ತಿ. ಯಾವ ಅಕ್ಷರ ಅಂತ ಕೇಳುತ್ತದೆ. ಎ, ಬಿ, ಸಿ ಯಾವುದಾದರೂ ಕೊಡಿ. ಆದ್ಯತೆ ತೆಗೆದುಹಾಕಬೇಕಿದ್ದರೆ ಸ್ಪೇಸ್ ಕೊಡಿ. ಹೆಡಿಂಗ್‌ನ ಮುಂದೆ ಚೌಕ ಆವರಣದಲ್ಲಿ ‘#’ ಗುರುತು ಮತ್ತು ಇಂಗ್ಲಿಷಿನ ದೊಡ್ಡಕ್ಷರ ಬಂದು ಕೂರುತ್ತದೆ. ಅದನ್ನು ಕೈಯಲ್ಲಿ ಟೈಪ್ ಮಾಡಲೂಬಹುದು, ಆದರೆ ಅಲ್ಲಿ ಕನ್ನಡದ ‘ಎ’ ಬರೆದರೆ ಆರ್ಗ್‌ಗೆ ಅದು ಆದ್ಯತೆಯಲ್ಲ, ಬರೀ ಹೆಡಿಂಗ್‌ನ ಪಠ್ಯ.

ಬುಟ್ಟಿ ಆರಿಸಲು ನಾನು ಕೇಳಿಕೊಳ್ಳುವ ಪ್ರಶ್ನೆ ಇಷ್ಟೇ: ಇದು ಆಗದಿದ್ದರೆ ಬೇರೆ ಕೆಲಸ ನಿಲ್ಲುತ್ತದಾ? ನಿಲ್ಲುತ್ತದೆ ಅಂದರೆ ಎ. ಮುಹೂರ್ತ ಗೊತ್ತಿಲ್ಲದೆ ಅಡುಗೆಯವರಿಗೆ ಯಾವ ದಿನ ಅಂತ ಹೇಳುವುದು? ಕೆಲಸ ನಿಲ್ಲುವುದಿಲ್ಲ, ಆದರೆ ಮಾಡದಿದ್ದರೆ ಜನ ಆಡಿಕೊಳ್ಳುತ್ತಾರೆ ಅಂದರೆ ಬಿ. ಬಿಟ್ಟರೂ ನಡೆಯುತ್ತದೆ ಅಂದರೆ ಸಿ.

ಇಲ್ಲಿ ಎರಡು ತಪ್ಪು ಪದೇಪದೇ ಆಗುತ್ತವೆ.

ಆದ್ಯತೆ ಕೊಡದೆ ಬಿಟ್ಟ ಕೆಲಸ ಎಲ್ಲಕ್ಕಿಂತ ಕೆಳಗೆ ಹೋಗುತ್ತದೆ ಎಂದು ಸುಮಾರು ಜನ ನಂಬಿದ್ದಾರೆ. ಇಲ್ಲ. ಆರ್ಗ್ ಅದನ್ನು ಬಿ ಎಂದೇ ಲೆಕ್ಕ ಹಾಕುತ್ತದೆ. ನೀವು ಯೋಚಿಸದೇ ಬಿಟ್ಟ ಕೆಲಸ, ಯೋಚಿಸಿ ಸಿ ಕೊಟ್ಟ ಕೆಲಸಕ್ಕಿಂತ ಮೇಲೆ ಬರುತ್ತದೆ. ನಿಜವಾಗಿ ಕೆಳಗೆ ಹೋಗಬೇಕಾದ್ದಕ್ಕೆ ಸಿ ಎಂದು ಬರೆದೇ ಬಿಡಿ.

ಇನ್ನೊಂದು ಶಿಫ್ಟ್ ಕೀಯದ್ದು. ಬೇರೆ ಕಡೆ ಪಠ್ಯ ಆಯ್ಕೆ ಮಾಡುವ ಅಭ್ಯಾಸದಲ್ಲಿ ಶಿಫ್ಟ್ ಹಿಡಿದು ಕೆಳಬಾಣ ಒತ್ತುತ್ತೀರಿ. ಹೆಡಿಂಗ್ ಮೇಲೆ ಹಾಗೆ ಮಾಡಿದರೆ ಪಠ್ಯ ಆಯ್ಕೆ ಆಗುವುದಿಲ್ಲ, ಆದ್ಯತೆ ಬದಲಾಗುತ್ತದೆ! ನೀವು ಕೊಟ್ಟಿರದ ಒಂದು ಬಿ ಎಲ್ಲಿಂದಲೋ ಬಂದು ಕೂತಿದ್ದರೆ ಕಾರಣ ಇದೇ. ಆಯ್ಕೆ ಮಾಡಲು ಕಂಟ್ರೋಲ್-ಸ್ಪೇಸ್ ಒತ್ತಿ, ಆಮೇಲೆ ಬರೀ ಬಾಣದ ಕೀಯಲ್ಲಿ ಕೆಳಗಿಳಿಯಿರಿ.

ಎ ಬುಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಬಿದ್ದಿದ್ದರೆ ಮುಂದೆ ಹೋಗಬೇಡಿ. ಮತ್ತೆ ಮೇಲಿಂದ ಬನ್ನಿ. ಎಲ್ಲವೂ ಎ ಆದರೆ ಸಾರ್ಟ್‌ಗೆ ಮಾಡಲು ಏನೂ ಉಳಿಯುವುದಿಲ್ಲ.

## ಹಂತ 3: ಎ ಬುಟ್ಟಿಯೊಳಗೆ ಮಾತ್ರ ಅಂಕ ಕೊಡಿ

ಈಗ ಎ ಬುಟ್ಟಿಯವನ್ನು ಎರಡೆರಡಾಗಿ ಹೋಲಿಸಿ. ಕರ್ಸರ್ ಹೆಡಿಂಗ್ ಮೇಲಿಟ್ಟು ಆಲ್ಟ್ ಹಿಡಿದು ಮೇಲ್ಬಾಣ ಒತ್ತಿದರೆ ಆ ಕೆಲಸ, ಅದರ ಒಳಗಿನ ಸಮೇತ, ಒಂದು ಮೆಟ್ಟಿಲು ಮೇಲೇರುತ್ತದೆ. ಕೆಳಬಾಣಕ್ಕೆ ಒಂದು ಮೆಟ್ಟಿಲು ಇಳಿಯುತ್ತದೆ. ಇಸ್ಪೀಟು ಎಲೆ ಕೈಯಲ್ಲಿ ಜೋಡಿಸಿಕೊಳ್ಳುವ ಹಾಗೇ ಮಾಡಿ: ಒಂದನ್ನು ತೆಗೆದುಕೊಳ್ಳಿ, ಅದರ ಮೇಲಿನದ್ದಕ್ಕೆ ಹೋಲಿಸಿ, ಅದಕ್ಕಿಂತ ಮುಖ್ಯವಾದರೆ ಮೇಲೆ ತಳ್ಳಿ, ಇಲ್ಲದಿದ್ದರೆ ನಿಲ್ಲಿಸಿ.

ಕೈಯಲ್ಲಿ ಜೋಡಿಸಿದ್ದು ಚೆನ್ನಾಗಿಯೇ ಕಾಣುತ್ತದೆ. ಆದರೆ ಅದು ಎಲ್ಲೂ ದಾಖಲಾಗಿಲ್ಲ. ಮುಂದೆ ಯಾವತ್ತಾದರೂ ಅಕ್ಷರದ ಪ್ರಕಾರ ಒಂದು ಸಾರ್ಟ್ ಕೊಟ್ಟರೆ ಆ ಕಷ್ಟವೆಲ್ಲ ನೀರುಪಾಲು. ಆದ್ದರಿಂದ ಕ್ರಮ ಕೂತ ತಕ್ಷಣ ಅದನ್ನು ಅಂಕಿಯಾಗಿ ಬರೆದಿಡಿ.

ಹೆಡಿಂಗ್ ಮೇಲೆ ನಿಂತು ಕಂಟ್ರೋಲ್-ಸಿ, ಆಮೇಲೆ ಕಂಟ್ರೋಲ್-ಎಕ್ಸ್, ಆಮೇಲೆ ಬರೀ ಪಿ ಒತ್ತಿ. ಪ್ರಾಪರ್ಟಿಯ (ಹೆಡಿಂಗ್‌ಗೆ ಅಂಟಿಸಿಡುವ ಒಂದು ವಿವರ) ಹೆಸರು ಕೇಳುತ್ತದೆ. ನಾನು ‘ಅಂಕ’ ಎಂದು ಕನ್ನಡದಲ್ಲೇ ಇಡುತ್ತೇನೆ. ಆಮೇಲೆ ಅದರಲ್ಲಿ ಏನು ಬರೆಯಬೇಕು ಅಂತ ಕೇಳುತ್ತದೆ, 010 ಎಂದು ಕೊಡಿ. ಹೆಡಿಂಗ್‌ನ ಕೆಳಗೆ ಒಂದು ಪುಟ್ಟ ಡ್ರಾಯರ್ (ಇಂಥ ವಿವರಗಳನ್ನು ಇಡುವ ಸಾಲುಗಳ ಗುಂಪು) ಹುಟ್ಟಿ ಅದರಲ್ಲಿ ‘:ಅಂಕ: 010’ ಎಂದು ಸೇರಿಕೊಳ್ಳುತ್ತದೆ.

ಒಂದು, ಎರಡು, ಮೂರು ಬಿಟ್ಟು 010 ಯಾಕೆ ಅಂತ ಕೇಳಬಹುದು. ಎರಡು ಕಾರಣ.

ಪ್ರಾಪರ್ಟಿಯ ಮೇಲೆ ಸಾರ್ಟ್ ಮಾಡುವಾಗ ಆರ್ಗ್ ಅದನ್ನು ಸಂಖ್ಯೆಯಾಗಿ ನೋಡುವುದಿಲ್ಲ, ಅಕ್ಷರಗಳ ಸಾಲಾಗಿ ನೋಡುತ್ತದೆ. ಎಡಗಡೆಯಿಂದ ಒಂದೊಂದೇ ಅಕ್ಷರ ಹೋಲಿಸುತ್ತದೆ. ಹಾಗಾಗಿ 10 ಎನ್ನುವುದು 2ಕ್ಕಿಂತ ಮೊದಲು ಬರುತ್ತದೆ, ಯಾಕೆಂದರೆ 1 ಎನ್ನುವುದು 2ಕ್ಕಿಂತ ಮೊದಲು. ನನ್ನ ಹತ್ತಿರ ಬಂದ ದೂರುಗಳಲ್ಲಿ ಎರಡು ಇದೇ. ‘ಒಂಬತ್ತರವರೆಗೆ ಸರಿ ಇತ್ತು, ಹತ್ತನೆಯದು ಸೇರಿಸಿದ ಮೇಲೆ ಕೆಟ್ಟಿತು’ ಅಂದರೆ ಕಣ್ಣು ಮುಚ್ಚಿಕೊಂಡು ಇದೇ ಅನ್ನಬಹುದು. ಎಲ್ಲಾ ಅಂಕಗಳಲ್ಲೂ ಒಂದೇ ಸಂಖ್ಯೆಯ ಅಂಕಿಗಳಿರಲಿ, ಮುಂದೆ ಸೊನ್ನೆ ತುಂಬಿ. ಆಗ ಅಕ್ಷರದ ಕ್ರಮವೂ ಸಂಖ್ಯೆಯ ಕ್ರಮವೂ ಒಂದೇ ಆಗುತ್ತದೆ.

ಎರಡನೆಯದು, ಹತ್ತತ್ತರ ಅಂತರ ಇದ್ದರೆ ನಾಳೆ ಹೊಸ ಕೆಲಸ ಬಂದಾಗ 010ಕ್ಕೂ 020ಕ್ಕೂ ನಡುವೆ 015 ಕೊಟ್ಟು ಮುಗಿಸಬಹುದು. ಉಳಿದ ಯಾವುದನ್ನೂ ಮುಟ್ಟಬೇಕಿಲ್ಲ.

ಡ್ರಾಯರ್ ಬಗ್ಗೆ ಒಂದು ಮಾತು. ಅದು ಹೆಡಿಂಗ್‌ನ ಬುಡದಲ್ಲೇ ಇರಬೇಕು. ಗಡುವಿನ ಸಾಲು ಇದ್ದರೆ ಅದರ ಕೆಳಗೆ. ಮಧ್ಯೆ ಒಂದು ವಾಕ್ಯ ಬರೆದುಬಿಟ್ಟರೆ ಆರ್ಗ್ ಅದನ್ನು ಡ್ರಾಯರ್ ಎಂದು ಒಪ್ಪಿದರೂ ಆ ಹೆಡಿಂಗ್‌ನ ಪ್ರಾಪರ್ಟಿ ಎಂದು ಒಪ್ಪುವುದಿಲ್ಲ. ಅಂಕ ಕೊಟ್ಟಿದ್ದರೂ ಕೊಡದ ಹಾಗೆಯೇ.

ಬಿ ಮತ್ತು ಸಿ ಬುಟ್ಟಿಗಳಿಗೆ ಅಂಕ ಬೇಡ. ಎ ಖಾಲಿಯಾದ ಮೇಲೆ ನೋಡೋಣ.

## ಹಂತ 4: ಕರ್ಸರ್ ಎಲ್ಲಿಡಬೇಕು

ಸಾರ್ಟ್ ಕೀ ಒಂದೇ: ಕಂಟ್ರೋಲ್-ಸಿ ಒತ್ತಿ ಬಿಟ್ಟು, ‘^’ ಒತ್ತುವುದು. ಸಾಮಾನ್ಯ ಕೀಬೋರ್ಡಿನಲ್ಲಿ ಅದು ಶಿಫ್ಟ್ ಹಿಡಿದು 6. ಇದು ಏನನ್ನು ಜೋಡಿಸುತ್ತದೆ ಎನ್ನುವುದು ಕರ್ಸರ್ ಎಲ್ಲಿದೆ ಎನ್ನುವುದರ ಮೇಲೆ ನಿಂತಿದೆ.

ಕರ್ಸರ್ ಒಂದು ಹೆಡಿಂಗ್ ಮೇಲೆ ಅಥವಾ ಅದರ ಪಠ್ಯದೊಳಗೆ ಇದ್ದರೆ, ಆ ಹೆಡಿಂಗ್‌ನ ಮಕ್ಕಳು, ಅಂದರೆ ಅದರ ಒಳ ಹೆಡಿಂಗ್‌ಗಳು, ಜೋಡಣೆಯಾಗುತ್ತವೆ. ಆ ಹೆಡಿಂಗ್ ಅಲ್ಲ, ಅದರ ಅಕ್ಕಪಕ್ಕದವೂ ಅಲ್ಲ. ಗೃಹಪ್ರವೇಶದ ಕೆಲಸಗಳನ್ನು ಜೋಡಿಸಬೇಕಾದರೆ ಕರ್ಸರ್ ‘ಗೃಹಪ್ರವೇಶ’ ಎಂಬ ಸಾಲಿನ ಮೇಲಿರಬೇಕು. ಹೊಸಬರು ‘ಬಾಳೆಎಲೆ’ ಸಾಲಿನ ಮೇಲೆ ನಿಂತು ಒತ್ತುತ್ತಾರೆ, ಪಟ್ಟಿ ಶುರುವಾಗುವುದು ಅಲ್ಲೇ ಅಲ್ವಾ ಅಂತ. ಬಾಳೆಎಲೆಗೆ ಮಕ್ಕಳಿಲ್ಲ. ‘ಸಾರ್ಟ್ ಮಾಡಲು ಏನೂ ಇಲ್ಲ’ ಎಂಬ ಸಂದೇಶ ಕೆಳಗೆ ಮಿಂಚಿ ಹೋಗುತ್ತದೆ. ಅದನ್ನು ನೋಡದವರು ‘ಏನೂ ಆಗಲಿಲ್ಲ’ ಅನ್ನುತ್ತಾರೆ.

ಒಂದೇ ನಕ್ಷತ್ರದ ಹೆಡಿಂಗ್‌ಗಳನ್ನೇ ಜೋಡಿಸಬೇಕಾದರೆ ಕರ್ಸರ್ ಮೊದಲ ಹೆಡಿಂಗ್‌ಗಿಂತ ಮೇಲೆ ಇರಬೇಕು. ಇಲ್ಲೊಂದು ತೊಡಕಿದೆ. ಫೈಲಿನ ಮೊದಲ ಸಾಲೇ ಹೆಡಿಂಗ್ ಆಗಿದ್ದರೆ ಅದಕ್ಕಿಂತ ಮೇಲೆ ಜಾಗವೇ ಇಲ್ಲ. ಫೈಲಿನ ತುದಿಗೆ ಹೋದರೂ ಕರ್ಸರ್ ಹೆಡಿಂಗ್ ಮೇಲೇ ಇರುತ್ತದೆ. ಸುಮ್ನೆ ಮೇಲೊಂದು ಖಾಲಿ ಸಾಲು ಸೇರಿಸಿ ಅಲ್ಲಿ ನಿಲ್ಲಿ.

ಪಟ್ಟಿಯ ಒಂದು ಭಾಗ ಮಾತ್ರ ಬೇಕಾದರೆ ಅಷ್ಟನ್ನು ಆಯ್ಕೆ ಮಾಡಿ ಸಾರ್ಟ್ ಕೊಡಿ. ಆಯ್ಕೆಯ ಮೊದಲ ಹೆಡಿಂಗ್‌ನ ಮಟ್ಟವೇ ಅಳತೆಗೋಲು. ಎರಡು ನಕ್ಷತ್ರದಿಂದ ಶುರು ಮಾಡಿ ಕೆಳಗೆಳೆಯುತ್ತಾ ಮುಂದಿನ ಒಂದು ನಕ್ಷತ್ರದ ಹೆಡಿಂಗನ್ನೂ ಒಳಗೆ ಸೇರಿಸಿಕೊಂಡರೆ ಆರ್ಗ್ ನಿರಾಕರಿಸುತ್ತದೆ. ಹಾಗೆ ನಿರಾಕರಿಸುವುದೇ ಒಳ್ಳೆಯದು.

ಹೆಡಿಂಗ್‌ನ ಪಠ್ಯದೊಳಗೆ ಹೈಫನ್ ಅಥವಾ ಅಂಕಿ ಹಾಕಿದ ಸಾದಾ ಪಟ್ಟಿ ಇದ್ದು ಕರ್ಸರ್ ಅದರ ಮೇಲಿದ್ದರೆ ಆ ಪಟ್ಟಿ ಜೋಡಣೆಯಾಗುತ್ತದೆ, ಅಂಕಿಗಳನ್ನು ಆರ್ಗ್ ತಾನೇ ಮತ್ತೆ ಸರಿಪಡಿಸುತ್ತದೆ. ಟೇಬಲ್ ಮೇಲಿದ್ದರೆ, ಕರ್ಸರ್ ಇರುವ ಕಾಲಮ್ಮಿನ ಪ್ರಕಾರ, ಎರಡು ಅಡ್ಡಗೆರೆಗಳ ನಡುವಿನ ಸಾಲುಗಳು ಜೋಡಣೆಯಾಗುತ್ತವೆ. ಸಾದಾ ಪಟ್ಟಿಗೆ ಎ-ಬಿ-ಸಿ ಆದ್ಯತೆಯೂ ಇಲ್ಲ, ಪ್ರಾಪರ್ಟಿಯೂ ಇಲ್ಲ. ಅವು ಬೇಕಿದ್ದರೆ ಸಾಲುಗಳನ್ನು ಹೆಡಿಂಗ್ ಮಾಡಿಕೊಳ್ಳಬೇಕು.

## ಹಂತ 5: ಯಾವ ಅಕ್ಷರ ಒತ್ತಬೇಕು

ಸಾರ್ಟ್ ಕೀ ಒತ್ತಿದ ಮೇಲೆ ಕೆಳಗಡೆ ಆಯ್ಕೆಗಳ ಒಂದು ಸಾಲು ಬರುತ್ತದೆ. ಚಿಕ್ಕ ಅಕ್ಷರ ಕೊಟ್ಟರೆ ಏರುವ ಕ್ರಮ, ಅದೇ ಅಕ್ಷರದ ದೊಡ್ಡ ರೂಪ ಕೊಟ್ಟರೆ ಇಳಿಯುವ ಕ್ರಮ. ಕ್ಯಾಪ್ಸ್ ಲಾಕ್ ಆನ್ ಇದ್ದರೆ ಎಲ್ಲಾ ತಲೆಕೆಳಗು.

ಪಿ ಅಂದರೆ ಆದ್ಯತೆ. ಚಿಕ್ಕ ಪಿ ಕೊಟ್ಟರೆ ಎ ಮೇಲೆ, ಸಿ ಕೆಳಗೆ.

ಆರ್ ಅಂದರೆ ಪ್ರಾಪರ್ಟಿ. ಹೆಸರು ಕೇಳುತ್ತದೆ, ‘ಅಂಕ’ ಎಂದು ಕೊಡಿ. ಅಂಕ ಇಲ್ಲದ ಕೆಲಸಗಳು ಖಾಲಿ ಎಂದು ಲೆಕ್ಕವಾಗಿ ಎಲ್ಲಕ್ಕಿಂತ ಮೇಲೆ ಬಂದು ನಿಲ್ಲುತ್ತವೆ. ಅಂಕ ಕೊಟ್ಟ ಕೆಲಸವೂ ಮೇಲೆ ಬಂದು ನಿಂತಿದ್ದರೆ ಅದರ ಡ್ರಾಯರ್ ಜಾಗ ತಪ್ಪಿದೆ ಅಥವಾ ಪ್ರಾಪರ್ಟಿಯ ಹೆಸರಿನಲ್ಲಿ ಕಾಗುಣಿತ ತಪ್ಪಿದೆ.

ಓ ಅಂದರೆ ಕೆಲಸದ ಸ್ಥಿತಿ. ಟೂಡೂ (ಮಾಡಬೇಕಾದ್ದು) ಎಂದು ಗುರುತು ಹಾಕಿದವು ಮೇಲೆ, ಡನ್ (ಮುಗಿದದ್ದು) ಆದವು ಕೆಳಗೆ. ಯಾವ ಗುರುತೂ ಇಲ್ಲದವು ನಡುವೆ. ಈ ಗುರುತು ಹಾಕಲು ಕಂಟ್ರೋಲ್-ಸಿ, ಆಮೇಲೆ ಕಂಟ್ರೋಲ್-ಟಿ.

ಡಿ ಅಂದರೆ ಗಡುವು, ಎಸ್ ಅಂದರೆ ಶುರು ಮಾಡಬೇಕಾದ ದಿನ, ಟಿ ಅಂದರೆ ಒಳಗಿರುವ ಮೊದಲ ದಿನಾಂಕ. ದಿನಾಂಕವೇ ಇಲ್ಲದ ಕೆಲಸವನ್ನು ಆರ್ಗ್ ಈ ಕ್ಷಣದ ದಿನಾಂಕ ಇರುವಂತೆ ನೋಡುತ್ತದೆ. ಗಡುವು ಮೀರಿದವು ಮೇಲೆ, ಗಡುವೇ ಇಲ್ಲದವು ಮಧ್ಯದಲ್ಲಿ, ಮುಂದೆ ಬರುವ ಗಡುವಿನವು ಅವುಗಳ ಕೆಳಗೆ. ನಾಳಿದ್ದು ಮುಗಿಸಬೇಕಾದ ಕೆಲಸ, ಗಡುವಿಲ್ಲದ ಹದಿನೈದು ಕೆಲಸಗಳ ಕೆಳಗೆ ಹೂತುಹೋಗಿರುತ್ತದೆ. ಡಿ ಬಳಸುವುದಾದರೆ ಗಡುವು ಇರುವವನ್ನಷ್ಟೇ ಆಯ್ಕೆ ಮಾಡಿ ಬಳಸಿ.

ಎನ್ ಅಂದರೆ ಸಂಖ್ಯೆ. ಹೆಡಿಂಗ್‌ನ ಪಠ್ಯ ಸಂಖ್ಯೆಯಿಂದಲೇ ಶುರುವಾಗಬೇಕು. ‘25 ಕೆಜಿ ಅಕ್ಕಿ’ ಸರಿ, ‘ಅಕ್ಕಿ 25 ಕೆಜಿ’ ಅಂದರೆ ಸೊನ್ನೆ. ‘₹500’ ಕೂಡ ಸೊನ್ನೆ. ‘1,200’ ಬರೆದರೆ ಅಲ್ಪವಿರಾಮಕ್ಕೆ ನಿಂತು 1 ಎಂದು ಓದುತ್ತದೆ. ಕನ್ನಡ ಅಂಕಿಯಲ್ಲಿ ೨೫ ಎಂದು ಬರೆದರೂ ಸೊನ್ನೆಯೇ. ಬೇಜಾರಾಗುತ್ತದೆ, ಆದರೆ ಸಾರ್ಟ್ ಆಗಬೇಕಾದ ಜಾಗದಲ್ಲಿ 25 ಎಂದೇ ಬರೆಯಿರಿ.

ಎ ಅಂದರೆ ಅಕ್ಷರದ ಕ್ರಮ. ಮುಂದಿರುವ ಟೂಡೂ, ಆದ್ಯತೆ ಇವನ್ನೆಲ್ಲ ಬಿಟ್ಟು ಹೆಡಿಂಗ್‌ನ ಪಠ್ಯವನ್ನಷ್ಟೇ ನೋಡುತ್ತದೆ. ಕನ್ನಡ ಪಟ್ಟಿಗೂ ಬಹುಪಾಲು ಸರಿಯಾಗೇ ಕೂರುತ್ತದೆ, ಯೂನಿಕೋಡ್‌ನಲ್ಲಿ ಅಕ್ಷರಗಳು ಹೆಚ್ಚುಕಡಿಮೆ ವರ್ಣಮಾಲೆಯ ಕ್ರಮದಲ್ಲೇ ಇವೆ. ಆದರೆ ‘ಳ’ ನೋಡಿ. ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ ಆದ ಮೇಲೆ, ಕಟ್ಟಕಡೆಗೆ. ಯೂನಿಕೋಡ್‌ನಲ್ಲಿ ‘ಲ’ ಪಕ್ಕದಲ್ಲೇ, ‘ವ’ಗಿಂತ ಮೊದಲು. ಬರೀ ಯೂನಿಕೋಡ್ ಕ್ರಮದಲ್ಲಿ ಜೋಡಿಸಿದಾಗ ‘ಬಳೆ’ ಎನ್ನುವುದು ‘ಬಸವ’ನಿಗಿಂತಲೂ ‘ಬಹುಮಾನ’ಕ್ಕಿಂತಲೂ ಮೇಲೆ ಬರುತ್ತದೆ. ಆಹ್ವಾನಿತರ ಹೆಸರಿನ ಪಟ್ಟಿ ಮಾಡುವವರು ಇದನ್ನು ನೋಡಿ ಫೈಲು ಕೆಟ್ಟಿತು ಅಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ಕಂಪ್ಯೂಟರಿನ ಭಾಷಾ ಸೆಟ್ಟಿಂಗ್ ಮೇಲೆ ಇದು ಬದಲಾಗಲೂಬಹುದು.

## ಹಂತ 6: ಎರಡು ಮೂರು ಅಳತೆಗಳಿದ್ದರೆ ಕೊನೆಯದನ್ನು ಮೊದಲು ಮಾಡಿ

ಬಹಳ ಜನ ಸೋಲುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ನೋಡೋಣ.

ನಮಗೆ ಬೇಕಾದ್ದು ಇದು: ಮುಗಿದ ಕೆಲಸಗಳು ಕೆಳಗೆ ಹೋಗಲಿ. ಉಳಿದವು ಎ, ಬಿ, ಸಿ ಎಂದು ನಿಲ್ಲಲಿ. ಎ ಒಳಗೆ ಅಂಕದ ಪ್ರಕಾರ ಇರಲಿ. ಹೇಳುವಾಗ ಮುಖ್ಯವಾದ್ದನ್ನು ಮೊದಲು ಹೇಳುತ್ತೇವೆ, ಹಾಗಾಗಿ ಸಾರ್ಟ್ ಕೂಡ ಮೊದಲು ಓ, ಆಮೇಲೆ ಪಿ, ಆಮೇಲೆ ಆರ್ ಎಂದು ಕೊಡುತ್ತೇವೆ. ಕೊನೆಯ ಆರ್ ಬಂದು ಹಿಂದಿನ ಎರಡನ್ನೂ ಅಳಿಸಿಹಾಕುತ್ತದೆ.

ಉಲ್ಟಾ ಮಾಡಿ. ಆರ್ ಮೊದಲು, ಪಿ ಆಮೇಲೆ, ಓ ಕೊನೆಗೆ.

ಇದು ಯಾಕೆ ನಡೆಯುತ್ತದೆ ಅಂದರೆ, ಆರ್ಗ್‌ನ ಸಾರ್ಟ್ ಸಮ ಸಮ ಇರುವವನ್ನು ಅದಲುಬದಲು ಮಾಡುವುದಿಲ್ಲ. ಎರಡು ಕೆಲಸಕ್ಕೂ ಎ ಇದ್ದರೆ, ಮೊದಲೇ ಮೇಲಿದ್ದದ್ದು ಮೇಲೇ ಉಳಿಯುತ್ತದೆ. ಹಿಂದಿನ ಸಾರ್ಟ್ ಹಾಕಿಕೊಟ್ಟ ಕ್ರಮ ಹೊಸ ಸಾರ್ಟ್‌ನ ಪ್ರತಿ ಗುಂಪಿನೊಳಗೂ ಹಾಗೇ ಉಳಿದುಕೊಳ್ಳುತ್ತದೆ. ಶಾಲೆಯ ಉತ್ತರ ಪತ್ರಿಕೆಗಳನ್ನು ಮೊದಲು ರೋಲ್ ನಂಬರಿನಂತೆ ಜೋಡಿಸಿಕೊಂಡು ಆಮೇಲೆ ಒಂದೊಂದೇ ತೆಗೆದು ತರಗತಿವಾರು ಗುಡ್ಡೆ ಹಾಕಿದರೆ, ಪ್ರತಿ ಗುಡ್ಡೆಯೊಳಗೂ ರೋಲ್ ನಂಬರ್ ಕ್ರಮ ಇರುತ್ತದಲ್ಲ, ಹಾಗೆ.

ನಮ್ಮ ಪಟ್ಟಿಯ ಮೇಲೇ ನೋಡಿ. ಮುಹೂರ್ತ ಎ, ಅಂಕ 010, ಆದರೆ ಕೆಲಸ ಮುಗಿದಿದೆ. ಮೀಟರ್ ಎ, 020. ಅಡುಗೆಯವರ ಮುಂಗಡ ಎ, 030. ಬಾಳೆಎಲೆ ಬಿ. ಶಾಮಿಯಾನಕ್ಕೆ ಆದ್ಯತೆ ಕೊಡಲು ಮರೆತಿದ್ದೇನೆ. ರಂಗೋಲಿ ಪುಡಿ ಸಿ. ಮುಹೂರ್ತ ಬಿಟ್ಟು ಉಳಿದ ಐದಕ್ಕೂ ಟೂಡೂ ಗುರುತಿದೆ.

‘ಗೃಹಪ್ರವೇಶ’ ಸಾಲಿನ ಮೇಲೆ ನಿಂತು ಆರ್ ಕೊಟ್ಟು ‘ಅಂಕ’ ಎಂದಾಗ ಹೀಗಾಗುತ್ತದೆ: ಬಾಳೆಎಲೆ, ಶಾಮಿಯಾನ, ರಂಗೋಲಿ, ಮುಹೂರ್ತ, ಮೀಟರ್, ಅಡುಗೆ. ಅಂಕ ಇಲ್ಲದ ಮೂರು ಮೇಲೆ ಬಂದಿವೆ. ಇದನ್ನು ನೋಡಿ ಇಲ್ಲೇ ಕೈ ಬಿಟ್ಟವರಿದ್ದಾರೆ. ಮುಂದುವರಿಸಿ.

ಪಿ ಕೊಟ್ಟಾಗ: ಮುಹೂರ್ತ, ಮೀಟರ್, ಅಡುಗೆ, ಬಾಳೆಎಲೆ, ಶಾಮಿಯಾನ, ರಂಗೋಲಿ. ಎ ಗುಂಪಿನೊಳಗೆ 010, 020, 030 ಹಾಗೇ ಉಳಿದಿದೆ ನೋಡಿ. ಆದ್ಯತೆ ಇಲ್ಲದ ಶಾಮಿಯಾನ ಬಿ ಜತೆ ಹೋಗಿ ಕೂತಿದೆ.

ಓ ಕೊಟ್ಟಾಗ: ಮೀಟರ್, ಅಡುಗೆ, ಬಾಳೆಎಲೆ, ಶಾಮಿಯಾನ, ರಂಗೋಲಿ, ಮುಹೂರ್ತ. ಮುಗಿದದ್ದು ಕೆಳಗಿಳಿಯಿತು. ಇವತ್ತು ಮಾಡಬೇಕಾದ್ದು ಮೀಟರ್.

ಅಂಕ ಇಲ್ಲದ ಬಿ, ಸಿ ಬುಟ್ಟಿಗಳ ಒಳಗಿನ ಕ್ರಮ ನೀವು ಮೊದಲು ಬರೆದಿದ್ದಂತೇ ಇರುತ್ತದೆ. ಸಾಮಾನ್ಯವಾಗಿ ಅಷ್ಟು ಸಾಕು.

## ಹಂತ 7: ನೋಡಿ, ಆಮೇಲೆ ಉಳಿಸಿ

ಸಾರ್ಟ್ ಆದ ಮೇಲೆ ಹೆಡಿಂಗ್ ಪೂರ್ತಿ ಬಿಚ್ಚಿಕೊಂಡಿರುತ್ತದೆ. ಟ್ಯಾಬ್ ಒತ್ತಿ ಮಡಚಿ, ಬರೀ ಹೆಡಿಂಗ್‌ಗಳು ಕಾಣುವಂತೆ ಮಾಡಿಕೊಳ್ಳಿ. ನಾನು ಮೂರು ಕಡೆ ಕಣ್ಣು ಹಾಯಿಸುತ್ತೇನೆ. ತಲೆಯಲ್ಲಿರುವುದು ನಿಜಕ್ಕೂ ಮೊದಲು ಮಾಡಬೇಕಾದ್ದಾ? ಮೊದಲು ಕೊನೆಯಲ್ಲಿದ್ದ ಹೆಡಿಂಗ್ ಈಗ ಎಲ್ಲಿದೆ, ಅದರ ಜತೆ ಬೇರೆ ಯಾವುದಾದರೂ ಟಿಪ್ಪಣಿ ಹೋಗಿದೆಯಾ? ಎ ಮತ್ತು ಬಿ ಕೂಡುವ ಜಾಗದಲ್ಲಿ ಬಿಟ್ಟುಹೋದ ಆದ್ಯತೆ ಇದೆಯಾ?

ತಪ್ಪಾಗಿದ್ದರೆ ಕೈಯಲ್ಲಿ ಎಳೆದಾಡಿ ಸರಿ ಮಾಡಲು ಹೋಗಬೇಡಿ. ಕಂಟ್ರೋಲ್-ಎಕ್ಸ್ ಒತ್ತಿ ಬಿಟ್ಟು ಯು ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ಒಂದು ಸಲಕ್ಕೆ ಪೂರ್ತಿ ಹೋಗದಿದ್ದರೆ ಮತ್ತೆ ಒತ್ತಿ. ಆಮೇಲೆ ಅಂಕವನ್ನೋ ಆದ್ಯತೆಯನ್ನೋ ತಿದ್ದಿ ಮತ್ತೆ ಸಾರ್ಟ್ ಕೊಡಿ.

ಅಜೆಂಡಾ ನೋಟ (ಫೈಲುಗಳಲ್ಲಿನ ಕೆಲಸಗಳನ್ನು ಒಂದೇ ಕಡೆ ತೋರಿಸುವ ಆರ್ಗ್ ಪರದೆ) ಬಳಸುವವರು ಕೇಳುವ ಪ್ರಶ್ನೆ: ಫೈಲಿನಲ್ಲಿ ಒಂದು ಕ್ರಮ, ಅಜೆಂಡಾದಲ್ಲಿ ಇನ್ನೊಂದು ಕ್ರಮ, ಯಾಕೆ? ಅಜೆಂಡಾ ತನ್ನದೇ ನಿಯಮದಲ್ಲಿ ಜೋಡಿಸಿ ತೋರಿಸುತ್ತದೆ, ಗಡುವು ಎಷ್ಟು ಹತ್ತಿರ ಇದೆ ಎನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನೀವು ಫೈಲಿನಲ್ಲಿ ಮಾಡಿದ ಸಾರ್ಟ್ ಅದಕ್ಕೆ ಸಂಬಂಧಿಸಿದ್ದಲ್ಲ, ಅದು ಜೋಡಿಸಿದ್ದು ನಿಮ್ಮ ಫೈಲನ್ನು ಬದಲಿಸುವುದೂ ಇಲ್ಲ.

## ಹಂತ 8: ಮೂರೂ ಸಾರ್ಟ್ ಒಂದೇ ಕೀಗೆ

ದಿನಾ ಬೆಳಿಗ್ಗೆ ಆರ್, ಪಿ, ಓ ಮೂರನ್ನೂ ಒತ್ತುವುದು ಬೇಸರ. ಬೇಸರ ಬಂದ ದಿನ ಅನುಕ್ರಮ ತಪ್ಪುತ್ತದೆ. ರೆಕಾರ್ಡ್ ಮಾಡಿಕೊಳ್ಳಿ. ಕರ್ಸರ್ ಮೇಲಿನ ಹೆಡಿಂಗ್ ಮೇಲಿಟ್ಟು ಎಫ್3 ಒತ್ತಿ. ಮೂರು ಸಾರ್ಟ್‌ಗಳನ್ನೂ ಸರಿಯಾದ ಅನುಕ್ರಮದಲ್ಲಿ ಮಾಡಿ. ಎಫ್4 ಒತ್ತಿ ಮುಗಿಸಿ. ಆಮೇಲೆ ಯಾವ ಹೆಡಿಂಗ್ ಮೇಲೆ ನಿಂತು ಎಫ್4 ಒತ್ತಿದರೂ ಅದರ ಮಕ್ಕಳಿಗೆ ಮೂರೂ ಒಟ್ಟಿಗೆ ನಡೆಯುತ್ತವೆ. ಎಫ್ ಕೀಗಳು ಧ್ವನಿ, ಬೆಳಕು ಬದಲಿಸುವ ಲ್ಯಾಪ್‌ಟಾಪ್ ಆಗಿದ್ದರೆ ಎಫ್ಎನ್ ಕೀ ಕೂಡ ಹಿಡಿಯಬೇಕು.

ರೆಕಾರ್ಡ್ ಮಾಡುವಾಗ ಪ್ರಾಪರ್ಟಿಯ ಹೆಸರನ್ನು ಪೂರ್ತಿ ಟೈಪ್ ಮಾಡಿ, ಪಟ್ಟಿಯಿಂದ ಬಾಣದಲ್ಲಿ ಆರಿಸಬೇಡಿ. ಇನ್ನೊಂದು ಫೈಲಿನಲ್ಲಿ ಆ ಪಟ್ಟಿ ಬೇರೆ ಇರುತ್ತದೆ, ಬಾಣ ಬೇರೆ ಹೆಸರಿನ ಮೇಲೆ ನಿಲ್ಲುತ್ತದೆ. ಈಮ್ಯಾಕ್ಸ್ ಮುಚ್ಚಿದರೆ ಈ ರೆಕಾರ್ಡಿಂಗ್ ಹೋಗುತ್ತದೆ. ನನಗೆ ಅದರಿಂದ ತೊಂದರೆಯಾಗಿಲ್ಲ, ಬೆಳಿಗ್ಗೆ ಕಾಫಿ ಆರುವುದರೊಳಗೆ ಇನ್ನೊಂದು ಸಲ ಮಾಡಿಕೊಳ್ಳುತ್ತೇನೆ.